ಗೋಡೆಗೆ ತಕ್ಕ ಕೆಲಸ: ವಿಜಯಪುರದ ಒಂದು ಅಂಗಡಿಮನೆಯ ಪ್ರಕರಣ

ಅಣ್ಣತಮ್ಮಂದಿರಿಬ್ಬರು ನನ್ನ ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ ನಾಲ್ಕು ಮಹಡಿಯ ಕಾಂಪ್ಲೆಕ್ಸ್ ಇತ್ತು. ಕೆಳಗೆ ಶಟರಿನ ಅಂಗಡಿಗಳ ಸಾಲು, ಅದರ ಮೇಲೆ ಬ್ಯಾಂಕಿಗೋ ಆಸ್ಪತ್ರೆಗೋ ಬಾಡಿಗೆಗೆ ಕೊಡುವ ಹಾಲ್, ಅದರ ಮೇಲೆ ಇಬ್ಬರಿಗೂ ಒಂದೊಂದು ಮನೆ. ಆ ಜಾಗದಲ್ಲಿ ಆಗ ನಿಂತಿದ್ದದ್ದು ಅವರ ಮುತ್ತಜ್ಜ ಕಟ್ಟಿಸಿದ ಕರಿಕಲ್ಲಿನ ಮಾಳಿಗೆ ಮನೆ, ಮರದ ಜಂತಿಯ ಮೇಲೆ ಮಣ್ಣು ಹಾಸಿದ ಮಾಡಿನದು. ವಿಜಯಪುರದ ಗಾಂಧಿ ಚೌಕದಿಂದ ನಡೆದೇ ಹೋಗಬಹುದಾದ ದೂರ, ಮುಂದೆ ಪೇಟೆ, ಹಿಂದೆ ಹಿತ್ತಲು. "ಪರ್ಮಿಶನ್ ಒಂದು ಕೊಡಿಸ್ರಿ ಸಾಹೇಬ್ರ, ಉಳಿದದ್ದೆಲ್ಲಾ ತಯಾರ್ ಐತಿ" ಎಂದರು ಹಿರಿಯರು.

ಆ ಕಾಂಪ್ಲೆಕ್ಸ್ ಏಳಲಿಲ್ಲ. ಅದೇ ಮನೆಯಲ್ಲಿ ಈಗ ನಾಲ್ಕು ಅಂಗಡಿ, ಒಂದು ಖಾನಾವಳಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಒಂದು ಕೊಠಡಿ, ಹಿಂದೆ ಆ ಸಹೋದರರ ತಾಯಿ ಇರುವ ಎರಡು ಕೋಣೆ. ಇಂಥದೇ ನಕ್ಷೆ ಹಿಡಿದುಕೊಂಡು ಬರುವವರು ನನ್ನ ಕಚೇರಿಗೆ ಆಗಾಗ ಬರುತ್ತಲೇ ಇರುತ್ತಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳುವುದನ್ನು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ. ಮನೆಯವರ ಹೆಸರು, ಗಲ್ಲಿ, ಹತ್ತಿರದ ಸ್ಮಾರಕ ಯಾವುದೆಂಬುದನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ನೂರು ಮೀಟರ್ ಎಲ್ಲಿಂದ ಅಳೆಯಬೇಕು

ವಿಜಯಪುರದ ನಡುಪೇಟೆಯಲ್ಲಿ ಕಟ್ಟಡದ ಮಾತು ಎತ್ತಿದರೆ ಮೊದಲು ಟೇಪು ಹಿಡಿಯಬೇಕು. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಇಲ್ಲ, ಕೆಡವಿ ಅಷ್ಟೇ ಅಳತೆಗೆ ಮರಳಿ ಕಟ್ಟುವುದೂ ಇಲ್ಲ, ಇದ್ದದ್ದರ ಮೇಲೆ ಒಂದು ಮಹಡಿ ಏರಿಸುವುದೂ ಇಲ್ಲ. ದುರಸ್ತಿ, ನವೀಕರಣ ಮಾತ್ರ ಮಾಡಬಹುದು. ಅದಕ್ಕೂ ಆ ಕಟ್ಟಡ 1992ರ ಜೂನ್ 16ಕ್ಕೆ ಮುಂಚೆ ಇದ್ದದ್ದಾಗಿರಬೇಕು, ಅಥವಾ ಆಮೇಲೆ ಸರಿಯಾದ ಅನುಮತಿಯಿಂದ ಎದ್ದದ್ದಾಗಿರಬೇಕು. ಸಕ್ಷಮ ಪ್ರಾಧಿಕಾರಿಯ ಒಪ್ಪಿಗೆಯೂ ಬೇಕು. ಮೀರಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಸಹೋದರರು ಅಳೆದಿದ್ದರು. ಸ್ಮಾರಕದ ಗೋಡೆಯಿಂದ ತಮ್ಮ ತಲೆಬಾಗಿಲಿಗೆ 110 ಮೀಟರಿಗಿಂತ ಸ್ವಲ್ಪ ಹೆಚ್ಚು ಬಂದಿತ್ತು, ಹಾಗಾಗಿ ನಿಶ್ಚಿಂತರಾಗಿದ್ದರು. ಆದರೆ ಅಳತೆ ಸ್ಮಾರಕದ ಗೋಡೆಯಿಂದ ಶುರುವಾಗುವುದಿಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಶುರುವಾಗುತ್ತದೆ. ಸ್ಮಾರಕದ ಸುತ್ತಲಿನ ಬಯಲೂ ಸಂರಕ್ಷಿತ ಜಾಗದೊಳಗೆ ಸೇರಿತ್ತು. ಆ ಗಡಿಯಿಂದ ಅಳೆದರೆ ಮನೆ 80 ಮೀಟರಿನೊಳಗೆ ಬಿತ್ತು. ಇಷ್ಟು ಸಣ್ಣ ವ್ಯತ್ಯಾಸ ಗೊತ್ತಾಗದೆ ಮನೆ ಕೆಡವಿ, ಆಮೇಲೆ ಪಾಯ ತೆಗೆಯಲಾಗದೆ ಖಾಲಿ ಜಾಗಕ್ಕೆ ತಗಡು ಬಡಿದು ಕೂತವರನ್ನು ನಾನು ಕಂಡಿದ್ದೇನೆ. ಅವರಿಗೆ ಮನೆಯೂ ಇಲ್ಲ, ಕಾಂಪ್ಲೆಕ್ಸೂ ಇಲ್ಲ. ಅದಕ್ಕೇ ಈ ಊರಲ್ಲಿ ಯಾರು ಕೇಳಿದರೂ ನನ್ನ ಮೊದಲ ಮಾತು ಒಂದೇ: ಗಡಿ ಎಲ್ಲಿದೆ ಎಂದು ಕಾಗದದಲ್ಲಿ ನೋಡುವ ತನಕ ಒಂದು ಕಲ್ಲನ್ನೂ ಕೀಳಬೇಡಿ.

ಈ ಸುದ್ದಿ ಹೇಳಿದ ದಿನ ಕಿರಿಯರು ತಲೆಮೇಲೆ ಕೈ ಹೊತ್ತು ಕೂತರು. ಅಣ್ಣ ಏನೂ ಮಾತಾಡಲಿಲ್ಲ. ಒಳಗಿಂದ ಅವರವ್ವ ಚಹಾ ತಂದು, "ಮನಿ ಉಳೀತದಲ್ರೀ ಹಂಗಾರ?" ಎಂದು ನನ್ನನ್ನೇ ಕೇಳಿದರು.

ಪಾಲು

ನಾಲ್ಕು ಮಹಡಿಯ ಆಸೆ ಎಲ್ಲಿಂದ ಬಂದದ್ದು ಎಂದು ಕೆದಕಿದಾಗ ಗೊತ್ತಾದದ್ದು, ಅದರ ಬೇರು ಮನೆಯ ಮುಪ್ಪಿನಲ್ಲಿ ಇರಲಿಲ್ಲ. ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಬೇಕಿತ್ತು. ತಮ್ಮ ಪುಣೆಯಲ್ಲಿ ನೌಕರಿ, ಅಣ್ಣ ಇಲ್ಲೇ ವ್ಯಾಪಾರ. ಪಡಸಾಲೆಯನ್ನು ನಡುವೆ ಗೋಡೆ ಎಳೆದು ಹಂಚಿದರೆ ಇಬ್ಬರಿಗೂ ಉಪಯೋಗಕ್ಕೆ ಬಾರದ ಎರಡು ಓಣಿಗಳಷ್ಟೇ ಉಳಿಯುತ್ತಿದ್ದವು. ಕಾಂಪ್ಲೆಕ್ಸ್ ಆದರೆ ಮಹಡಿ ಲೆಕ್ಕದಲ್ಲಿ ಪಾಲು ಸಲೀಸು. ನಮ್ಮ ಪೇಟೆಯ ಹಳೆ ಮನೆಗಳು ಬೀಳುತ್ತಿರುವುದು ಬಹುಪಾಲು ಈ ಕಾರಣಕ್ಕೇ ಎಂಬುದು ನನ್ನ ಅನುಭವ. ಇಂಜಿನಿಯರ್ ಎಷ್ಟೇ ಚೆನ್ನಾಗಿ ಗೋಡೆ ಗಟ್ಟಿ ಮಾಡಿಕೊಟ್ಟರೂ ಪಾಲಿನ ಪ್ರಶ್ನೆ ಬಗೆಹರಿಯದಿದ್ದರೆ ಆ ಮನೆ ಉಳಿಯುವುದಿಲ್ಲ.

ವಕೀಲರ ಮುಂದೆ ಮೂರು ಬೈಠಕ್ ಆದವು. ಆಸ್ತಿ ಒಟ್ಟಾಗಿಯೇ ಇರಬೇಕು, ಆಸ್ತಿ ದಾಖಲೆಯ ಉತಾರದಲ್ಲಿ ಇಬ್ಬರ ಹೆಸರೂ ಇರಬೇಕು, ಬಾಡಿಗೆಯಲ್ಲಿ ಅರ್ಧರ್ಧ, ಇಲ್ಲೇ ಇದ್ದು ನೋಡಿಕೊಳ್ಳುವ ಅಣ್ಣನಿಗೆ ಅದಕ್ಕಾಗಿ ಬೇರೆ ಸಂಬಳ, ಅವ್ವ ಇರುವ ತನಕ ಹಿಂದಿನ ಎರಡು ಕೋಣೆ ಅವರದು. ಇದನ್ನು ಬರೆದು ನೋಂದಣಿ ಮಾಡಿಸಿದರು. ನಿರ್ವಹಣೆಗೆ ಸಂಬಳ ಎಂಬ ಸಾಲು ಬರೆಯುವಾಗ ಅಣ್ಣನೇ ಬೇಡ ಎಂದರು, ತಮ್ಮ ಹಟ ಹಿಡಿದು ಬರೆಸಿದರು. ಆ ಸಾಲು ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಮನಸ್ತಾಪ ಬಂದೇ ಬರುತ್ತಿತ್ತು.

ಇನ್ನು ಬಾಡಿಗೆದಾರರು. ಮುಂದಿನ ನಾಲ್ಕು ಅಂಗಡಿಗಳಲ್ಲಿ ಒಬ್ಬ ಟೇಲರ್, ಒಂದು ಕಿರಾಣಿ, ಒಂದು ಬಳೆ ಅಂಗಡಿ, ಒಬ್ಬ ಗಡಿಯಾರ ರಿಪೇರಿಯವರು. ಪಗಡಿ ಎಂಬ ಮುಂಗಡ ಹಣ ಕೊಟ್ಟು ಕೂತು ದಶಕಗಳಾಗಿದ್ದವು, ಬಾಡಿಗೆ ಕೈಗೆ ಹತ್ತದಷ್ಟು ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ 14 ಚದರ ಮೀಟರಿಗಿಂತ ದೊಡ್ಡ ವ್ಯಾಪಾರದ ಜಾಗಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಈ ನಾಲ್ಕೂ ಅದಕ್ಕಿಂತ ಚಿಕ್ಕವು, ಅಂದರೆ ಕಾಯಿದೆಯ ರಕ್ಷಣೆ ಇದ್ದವು. ಎಬ್ಬಿಸಲು ಹೊರಟಿದ್ದರೆ ಕೋರ್ಟಿನಲ್ಲೇ ವರ್ಷಗಳು ಕಳೆಯುತ್ತಿದ್ದವು. ಕೆಲಸವನ್ನು ಎರಡು ಭಾಗ ಮಾಡಿದೆವು. ಒಮ್ಮೆಗೆ ಎರಡು ಅಂಗಡಿ ಮುಚ್ಚುವುದು, ಆ ಇಬ್ಬರು ಉಳಿದಿಬ್ಬರ ಕಟ್ಟೆಯ ಮೇಲೆ ಕೂತು ವ್ಯಾಪಾರ ಮಾಡುವುದು. ಬಾಡಿಗೆ ಹೆಚ್ಚಿಸಲು ನಾಲ್ವರೂ ಒಪ್ಪಿದರು. ಟೇಲರ್ ಮಾತ್ರ ಒಂದು ಷರತ್ತು ಹಾಕಿದರು: "ನನ್ನ ಮಷೀನ್ ಮುಂದಿನ ಕಿಡಕಿ ಮುಚ್ಚಬಾರದ್ರೀ, ಬೆಳಕು ಅದರಾಗಿಂದೇ ಬರೋದು."

ಯಾವ ಕೋಣೆಗೆ ಯಾವ ಕೆಲಸ

ಕೆಡವುವ ಮಾತು ಮುಗಿದ ಮೇಲೆ ನಾನೂ ಒಂದು ತಪ್ಪು ನಕ್ಷೆ ಬರೆದೆ. ಪಡಸಾಲೆಯ ಹಿಂದಿನ ಅಡ್ಡಗೋಡೆ ತೆಗೆದು ಬಟ್ಟೆ ಶೋರೂಮ್ ಮಾಡೋಣ, ಉಕ್ಕಿನ ತೊಲೆ ಕೊಡೋಣ ಎಂದು. ಎರಡು ವಾರ ಆ ನಕ್ಷೆಯಲ್ಲೇ ಕಳೆದೆ. ಆ ಗೋಡೆ ಎರಡೂವರೆ ಅಡಿ ದಪ್ಪ, ಮಾಡಿಯ, ಅಂದರೆ ಮೇಲ್ಮಹಡಿಯ, ಭಾರ ಹೊತ್ತದ್ದು. ಅದನ್ನು ತೆಗೆದರೆ ಉಳಿದ ಮನೆಯನ್ನೆಲ್ಲ ಹೊಸದಾಗಿ ಆಧರಿಸಬೇಕು. ಶೋರೂಮಿಗೆ ಏ.ಸಿ. ಬೇಕು, ಏ.ಸಿ.ಗೆ ಗವಾಕ್ಷಿ ಮುಚ್ಚಬೇಕು, ಗವಾಕ್ಷಿ ಮುಚ್ಚಿದರೆ ಮಾಳಿಗೆಯ ಮರಕ್ಕೆ ಗಾಳಿ ಇಲ್ಲ. ಒಂದು ಕೆಲಸ ತಪ್ಪು ಜಾಗಕ್ಕೆ ಬಂದರೆ ಅದರ ಹಿಂದೆ ಎಷ್ಟು ಕೆಲಸ ಸಾಲು ಹಚ್ಚುತ್ತವೆ ಎಂಬುದು ಕಾಗದದ ಮೇಲೆಯೇ ಕಂಡಿತು. ನಕ್ಷೆ ಮಡಿಚಿಟ್ಟು, ಗೋಡೆ ಕೀಳದೆ ಪ್ರತಿ ಕೋಣೆಯೂ ಯಾವ ಕೆಲಸ ತಾಳುತ್ತದೆ ಎಂದು ಪಟ್ಟಿ ಮಾಡಲು ಕೂತೆ.

ಈ ಊರಿಗೆ ಇದು ಹೊಸ ಪಾಠವೂ ಅಲ್ಲ. 1885ರ ಹೊತ್ತಿಗೆ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷರು ಆದಿಲ್‌ಶಾಹಿ ಮಹಲುಗಳಲ್ಲೇ ಕಚೇರಿಗಳನ್ನು ನೆಲೆಗೊಳಿಸಿದರು. ಗೋಳಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಎತ್ತರದ ಹಾಲು, ದಪ್ಪ ಗೋಡೆ, ನಿಂತು ನೋಡುವ ಕೆಲಸ, ಎಲ್ಲ ಹೊಂದಿಕೊಂಡವು, ಇಂದಿಗೂ ನಡೆದಿದೆ. ಒಂದು ಮಸೀದಿಯಲ್ಲಿ ಪ್ರವಾಸಿ ಬಂಗಲೆ, ಇನ್ನೊಂದರಲ್ಲಿ ಅಂಚೆ ಕಚೇರಿ ಹೂಡಿದ್ದು ಮಾತ್ರ ನಿಲ್ಲಲಿಲ್ಲ. ಲಾರ್ಡ್ ಕರ್ಜನ್ ಕಾಲದಲ್ಲಿ ಎರಡನ್ನೂ ತೆಗೆಸಿದರು.

ನಮ್ಮ ಮನೆಗೆ ಬಂದರೆ, ಪೇಟೆಯ ಕಡೆಯ ಅಂಗಡಿಗಳು ಅಂಗಡಿಗಳಾಗಿಯೇ ಉಳಿದವು. ಪಡಸಾಲೆ ಸಾಗವಾನಿ ಕಂಬಗಳ ತಂಪು ಜಾಗ, ಜನ ಒಂದಷ್ಟು ಹೊತ್ತು ಕೂತು ಏಳುವುದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಖಾನಾವಳಿ. ಆದರೆ ಮರದ ಮಾಳಿಗೆಯ ಕೆಳಗೆ ಒಲೆ ಹೂಡುವಂತಿಲ್ಲ. ಹಿತ್ತಲಲ್ಲಿ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು: ಕಲ್ಲಿನ ಗೋಡೆ, ತಗಡಿನ ಮಾಡು, ಮನೆಯ ಮರಕ್ಕೆ ಎಲ್ಲೂ ತಾಗದ ಪ್ರತ್ಯೇಕ ಕಟ್ಟು. ರೊಟ್ಟಿ ಬಡಿಯುವುದು, ಒಲೆ, ಸಿಲಿಂಡರ್ ಎಲ್ಲ ಅಲ್ಲಿಗೆ. ಬಿಸಿ ರೊಟ್ಟಿ ಹಿತ್ತಲು ದಾಟಿ ಪಡಸಾಲೆಗೆ ಬರಲು ಇಪ್ಪತ್ತು ಹೆಜ್ಜೆ. ಖಾನಾವಳಿ ವಹಿಸಿಕೊಂಡ ಅಕ್ಕ ಮೊದಲು ಗೊಣಗಿದರು, ಈಗ ಹೊಗೆ ಊಟದ ಜಾಗಕ್ಕೆ ಬರುವುದಿಲ್ಲ ಎಂಬುದನ್ನೇ ಹೊಗಳುತ್ತಾರೆ.

ಮಾಡಿಯ ಮೇಲಿನ ಎರಡು ಕೋಣೆ ಓದುವ ಕೊಠಡಿ. ಒಳಗಿನ ಮರದ ಮೆಟ್ಟಿಲು ಕಡಿದು, ಇಕ್ಕಟ್ಟು. ಅದೃಷ್ಟಕ್ಕೆ ಹಿತ್ತಲಿನಿಂದ ಕಲ್ಲಿನ ಮೆಟ್ಟಿಲು ಮೊದಲಿಂದಲೂ ಇತ್ತು, ಕಾಳು ಒಣಹಾಕಲು ಹತ್ತುತ್ತಿದ್ದದ್ದು. ಎರಡು ದಾರಿ ಇವೆ ಎಂಬ ಧೈರ್ಯದ ಮೇಲೆ 30 ಜನಕ್ಕೆ ಮಿತಿ ಹಾಕಿದೆ. ಅಣ್ಣನಿಗೆ 50 ಬೇಕಿತ್ತು. ಪುಸ್ತಕದ ಕಪಾಟುಗಳನ್ನು ಜಂತಿಯ ನಡುವೆ ಇಡಗೊಡದೆ ಗೋಡೆಗೆ ಒತ್ತಿಸಿ ಇಡಿಸಿದೆ. ಈ ಎರಡರಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ಕಿಲ್ಲಾರಿಯ ನೆನಪು

ಹಳೆಯದೆಲ್ಲ ಗಟ್ಟಿ ಎಂದು ಹೇಳುವವರ ಜೊತೆ ನಾನು ಸೇರುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಸತ್ತರಲ್ಲ, ಅವರನ್ನು ಕೊಂದದ್ದು ಇಂಥದೇ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಟನ್‌ಗಟ್ಟಲೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ ನೋಡಲು ಒಂದೇ, ಒಳಗೆ ಎರಡು ಪದರ; ಹೊರಗಿನ ಕಲ್ಲಿಗೂ ಒಳಗಿನ ಕಲ್ಲಿಗೂ ನಡುವೆ ಚಿಪ್ಪು ಕಲ್ಲು, ಮಣ್ಣು. ನಡುಕ ಬಂದಾಗ ಪದರಗಳು ಬೇರೆಯಾಗಿ ಹೊಟ್ಟೆ ಬಿಟ್ಟು ಕುಸಿಯುತ್ತವೆ. ಕಟ್ಟಡಗಳ ಭೂಕಂಪ ಸುರಕ್ಷತೆಯ ಭಾರತೀಯ ಮಾನಕದ (ಸಂಖ್ಯೆ 1893) 2002ರ ಪಟ್ಟಿಯಲ್ಲಿ ನಮ್ಮ ಊರು ಭೂಕಂಪದ 3ನೇ ವಲಯದಲ್ಲಿದೆ. 2021ರಲ್ಲಿ ಇಲ್ಲಿ ಸಣ್ಣ ಕಂಪನಗಳು ಬಂದಾಗ ಜನ ರಾತ್ರಿ ಬೀದಿಗೆ ಬಂದದ್ದು ಮರೆತಿಲ್ಲ. ಮಕ್ಕಳನ್ನು ಕೂರಿಸಿ ಓದಿಸುವ ಜಾಗದಲ್ಲಿ ಇದನ್ನು ಬದಿಗಿಟ್ಟು ಸುಣ್ಣ ಬಳಿದು ಬಿಡುವುದು ಪಾಪದ ಕೆಲಸ.

ಮೊದಲು ಮಾಳಿಗೆಯ ಭಾರ ಇಳಿಸಿದೆವು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಳಮಣ್ಣು ಹಾಕುತ್ತ ಹಾಕುತ್ತ ಪದರ ಒಂದಡಿ ಮೀರಿತ್ತು. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 500 ಕೆ.ಜಿ. ಜನ ಓಡಾಡುವ ಮನೆಯ ನೆಲಕ್ಕೆ ನಾವು ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕೆ.ಜಿ. ಅಂದರೆ ಯಾರೂ ಹತ್ತದಿದ್ದಾಗಲೂ ಆ ಮಾಳಿಗೆ ತುಂಬಿದ ಮನೆಯ ಎರಡೂವರೆ ಪಟ್ಟು ಹೊತ್ತು ನಿಂತಿತ್ತು. ಅರ್ಧದಷ್ಟನ್ನು ತೆಗೆದೆವು, ಸುಮಾರು 2,000 ಚದರಡಿಗೆ 45 ಟನ್ನಿನಷ್ಟು ಇಳಿಯಿತು. ಉಳಿದದ್ದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಚ್ಚು, ಅದರ ಮೇಲೆ ಬಿಳಿ ಟೈಲ್ ಚೂರು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಉಳಿದ ಮಣ್ಣು ಒಳಬಂದ ಬಿಸಿಯನ್ನು ಸಂಜೆ ತನಕ ತಡೆಹಿಡಿಯುತ್ತದೆ, ರಾತ್ರಿ ಗವಾಕ್ಷಿ ತೆರೆದಿಟ್ಟರೆ ಆ ಬಿಸಿ ಮೇಲೆ ಹೋಗುತ್ತದೆ. ಹೊರಗೆ 40 ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನ ಪಡಸಾಲೆಯಲ್ಲಿ ಬರೀ ಫ್ಯಾನಿನ ಕೆಳಗೆ ಜನ ಊಟ ಮಾಡುತ್ತಾರೆ.

ಗೋಡೆಯ ಎರಡು ಪದರ ಹಿಡಿದಿಡಲು ಕಿಲ್ಲಾರಿಯ ನಂತರ ಚಾಲ್ತಿಗೆ ಬಂದ ಕ್ರಮವನ್ನೇ ಅನುಸರಿಸಿದೆವು. ಅಲ್ಲಲ್ಲಿ ಒಂದು ಕಲ್ಲು ಮೆಲ್ಲಗೆ ಬಿಚ್ಚಿ, ಆರಪಾರ ತೂತು ಮಾಡಿ, ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ನಾನು ಸಿಮೆಂಟ್ ಧಾರಾಳವಾಗಿ ಬಳಸಿದ್ದು ಇಲ್ಲೊಂದೇ ಕಡೆ. ಗೋಡೆಯಲ್ಲಿ ಹುದುಗಿದ್ದ ಜಂತಿಗಳ ತುದಿಗಳು ಬಹಳಷ್ಟು ಕೊಳೆತಿದ್ದವು. ನಡುವಿನ ಮರ ಗಟ್ಟಿಯಾಗಿತ್ತು, ಹಾಗಾಗಿ ಇಡೀ ಜಂತಿ ಎಸೆಯದೆ ಬಡಿಗೇರರು ತುದಿಗಷ್ಟೇ ಹೊಸ ತುಂಡು ಜೋಡಿಸಿದರು. ಬೇರೆ ಗಲ್ಲಿಯಲ್ಲಿ ಕೆಡವಿದ ಮನೆಯೊಂದರ ಮರವೇ ಆ ತುಂಡುಗಳು.

ಕೊಳೆತದ್ದಕ್ಕೆ ಕಾರಣ, ಹಿಂದಿನ ಯಾವುದೋ ದುರಸ್ತಿಯಲ್ಲಿ ಗೋಡೆಗೆ ಹಚ್ಚಿದ್ದ ಸಿಮೆಂಟ್ ಗಿಲಾವು. ನೆಲದ ತೇವ ಕಲ್ಲು ಮಣ್ಣಿನೊಳಗೆ ಏರುತ್ತದೆ, ಸುಣ್ಣದ ಗಿಲಾವಿನಿಂದ ಅದು ಹೊರಗೆ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ತಡೆದು ಮರದ ತುದಿಗೆ ಮುಟ್ಟಿಸಿತು. "ಗ್ವಾಡಿ ಬೆವರ್ತದ್ರಿ. ಆ ಬೆವರು ಎಲ್ಲಿಗರೇ ಹೋಗ್ಬೇಕಲ್ರಿ?" ಎಂದರು ನಮ್ಮ ಹಿರಿಯ ಗೌಂಡಿ. ಅವರ ಕೈಯಲ್ಲಿ ಸುಣ್ಣದ ಕೆಲಸ ಇನ್ನೂ ಉಳಿದಿತ್ತು ಎಂಬುದೇ ನಮ್ಮ ಪುಣ್ಯ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿ ಅರೆಯುವುದನ್ನು ಮೂವರು ಹುಡುಗರು ಅವರಿಂದ ಕಲಿತರು. ಒಬ್ಬ ಈಗ ಸ್ವಂತವಾಗಿ ಕೆಲಸ ಹಿಡಿಯುತ್ತಾನೆ.

ಪರಿಸರದ ಲೆಕ್ಕ ಕೇಳುವವರಿಗೆ ಒಂದು ಅಂದಾಜು. ನಾಲ್ಕು ಮಹಡಿ ಸೇರಿ 7,200 ಚದರಡಿ ಕಟ್ಟಿದ್ದರೆ ಚದರಡಿಗೆ 0.4 ಚೀಲದಂತೆ ಸುಮಾರು 2,900 ಚೀಲ, ಅಂದರೆ 145 ಟನ್ ಸಿಮೆಂಟ್. ಸುಣ್ಣದ ಕಲ್ಲು ಸುಟ್ಟು ಸಿಮೆಂಟ್ ಮಾಡುವಾಗ ಕಲ್ಲಿನೊಳಗಿನ ಇಂಗಾಲವೇ ಗಾಳಿಗೆ ಸೇರುವುದರಿಂದ ಟನ್ನಿಗೆ 600 ಕೆ.ಜಿ. ಹಿಡಿದರೂ 85 ಟನ್ನಿಗೂ ಮಿಕ್ಕಿ ಕಾರ್ಬನ್ ಡೈ ಆಕ್ಸೈಡ್. ಇದರಲ್ಲಿ ಕಬ್ಬಿಣ, ಇಟ್ಟಿಗೆ, ಕೆಡವಿದ ರಾಶಿಯನ್ನು ಹೊತ್ತೊಯ್ಯುವ ಡೀಸೆಲ್ ಸೇರಿಲ್ಲ. ಸುಣ್ಣ ಸುಟ್ಟಾಗಲೂ ಇಂಗಾಲ ಹೋಗುತ್ತದೆ, ಆದರೆ ಗಚ್ಚು ಗಟ್ಟಿಯಾಗುತ್ತ ಅದರಲ್ಲೊಂದು ಪಾಲನ್ನು ಗಾಳಿಯಿಂದ ಮರಳಿ ಹೀರುತ್ತದೆ.

ನೀರು ಮತ್ತು ಹಗೇವು

ಚರಂಡಿ ಪೈಪಿಗೆ ಪಡಸಾಲೆ ಅಗೆಯುತ್ತಿದ್ದಾಗ ಹಾರೆ ಟೊಳ್ಳು ಸದ್ದು ಮಾಡಿತು. ಚಪ್ಪಡಿ ಎತ್ತಿದರೆ ಕೆಳಗೆ ಹಗೇವು, ಜೋಳ ತುಂಬಿಡುತ್ತಿದ್ದ ನೆಲಮಾಳಿಗೆ. ಅವ್ವನಿಗೆ ಅದು ನೆನಪಿತ್ತು, ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅಣ್ಣ ಅದನ್ನೇ ನೀರಿನ ಟಾಕಿ ಮಾಡೋಣ ಎಂದು ಹುರುಪಿನಿಂದ ಹೇಳಿದರು. ಬೇಡವೆಂದೆ. ಕೆಳಗಿರುವುದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆಯ ಬುಡಕ್ಕೆ ನೀರು ತಂದಿಡುವುದೆಂದರೆ ಮೇಲೆ ಮಾಡಿದ್ದೆಲ್ಲ ಹಾಳು. ಗರಸು ತುಂಬಿ ಬಡಿದು, ಅದೇ ಚಪ್ಪಡಿ ಮುಚ್ಚಿದೆವು.

ನೀರಿಗೆ ಹಿತ್ತಲ ಬಾವಿ ಇತ್ತು, ಕಸದಿಂದ ತುಂಬಿ. ಬೇಗಂ ತಲಾಬದಿಂದ, ತೊರವಿಯ ಕಡೆಯಿಂದ ನೆಲದೊಳಗಿನ ಕಾಲುವೆಗಳಲ್ಲಿ ನೀರು ತಂದು, ಗಂಜ್ ಎಂಬ ನೀರಿನ ಗೋಪುರಗಳಲ್ಲಿ ಒತ್ತಡ ಇಳಿಸಿ, ತಾಜ್ ಬಾವಡಿ ಚಾಂದ್ ಬಾವಡಿ ಕಟ್ಟಿ ಬದುಕಿದ ಊರು ಇದು. ಅಂಥ ಊರಿನಲ್ಲಿ ಮನೆಮನೆಯ ಬಾವಿ ಕಸದ ತೊಟ್ಟಿಯಾಗಿರುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಇಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. 2,000 ಚದರಡಿ ಮಾಳಿಗೆಯಿಂದ, ಐದರಲ್ಲಿ ಒಂದು ಪಾಲು ಆರಿ ಹೋಗುತ್ತದೆಂದು ಹಿಡಿದರೂ, ಸುಮಾರು 89,000 ಲೀಟರ್ ಸಿಗುತ್ತದೆ. ದಿನಕ್ಕೆ 2,000 ಲೀಟರ್ ಬಳಸುವ ಖಾನಾವಳಿಗೆ ಅದು ಒಂದೂವರೆ ತಿಂಗಳ ನೀರು. ಹೂಳು ತೆಗೆಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ ಮರಳಿನ ಗುಂಡಿಯಿಂದ ಸೋಸಿ ಬಾವಿಗೆ ಬಿಡುತ್ತೇವೆ. ಆ ನೀರು ಪಾತ್ರೆ ತೊಳೆಯಲು, ಸಂಡಾಸಿಗೆ. ಕುಡಿಯಲು, ಅಡುಗೆಗೆ ನಳದ ನೀರೇ.

ಪ್ಯಾರಾಪೆಟ್ ಗೋಡೆಗಿಂತ ಮೇಲೆ ಏಳದಂತೆ ಮಲಗಿಸಿದ 3 ಕಿಲೋವ್ಯಾಟ್ ಸೌರ ಫಲಕಗಳೂ ಇವೆ. ಇಲ್ಲಿನ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ, ಫ್ಯಾನು ದೀಪಗಳಿಗೆ ಸಾಕು. ಅವನ್ನು ದುರಸ್ತಿ ಅನುಮತಿಯ ಅರ್ಜಿಯ ನಕ್ಷೆಯಲ್ಲೇ ತೋರಿಸಿದ್ದೆವು. ಮನೆ 1992ಕ್ಕೆ ಮುಂಚಿನದು ಎಂಬುದಕ್ಕೆ ಸಿಟಿ ಸರ್ವೆ ಉತಾರ, ಹಳೆ ತೆರಿಗೆ ಪಾವತಿಗಳು ಸಾಕ್ಷಿಯಾದವು. ಅವ್ವ ಅವನ್ನು ಟ್ರಂಕಿನಲ್ಲಿ ಜೋಪಾನ ಮಾಡಿರದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಈಗ

ಖರ್ಚು ನಾಲ್ಕು ಮಹಡಿಯ ಅಂದಾಜಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ, ಅಂದರೆ ಹಣ ಊರಲ್ಲೇ ಉಳಿಯಿತು. ಬಾಡಿಗೆಯೂ ಕಾಂಪ್ಲೆಕ್ಸಿನ ಕನಸಿನ ಬಾಡಿಗೆಗಿಂತ ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ಯಾರನ್ನೂ ಹುರಿದುಂಬಿಸಬಾರದು. ಸಾಲ ಇಲ್ಲದ್ದರಿಂದ ಮೊದಲ ತಿಂಗಳಿಂದಲೇ ಕೈಗೆ ಹತ್ತಿತು ಎಂಬುದು ಸಹೋದರರ ಸಮಾಧಾನ.

ಸರಿಹೋಗದ್ದೂ ಇದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮಧ್ಯಾಹ್ನ ಬೈಕುಗಳು ಗಲ್ಲಿ ತುಂಬುತ್ತವೆ, ಎದುರು ಮನೆಯವರ ತಕರಾರು ನ್ಯಾಯವಾದದ್ದೇ. ಕೆಳಗಿನ ತಟ್ಟೆ ಲೋಟದ ಸದ್ದು ಮರದ ಹಲಗೆ ದಾಟಿ ಓದುವವರಿಗೆ ಕೇಳುತ್ತದೆ. ಚಾಪೆ ಹಾಸಿ ನೋಡಿದೆವು, ಸಾಲದು. ಗಡಿಯಾರದವರು ಕಣ್ಣು ಮಂಜಾಗಿ ಅಂಗಡಿ ಬಿಟ್ಟರು, ಅಲ್ಲಿ ಈಗ ಝೆರಾಕ್ಸ್.

ಮಾಳಿಗೆಯ ಗಚ್ಚನ್ನು ಪ್ರತಿ ಮೇ ತಿಂಗಳಲ್ಲಿ ಒಮ್ಮೆ ನಡೆದು ನೋಡಬೇಕು, ಬಿರುಕಿದ್ದರೆ ಸುಣ್ಣದ ಹಾಲು ಹೊಯ್ಯಬೇಕು ಎಂದು ಒಪ್ಪಂದದ ಕಾಗದದಲ್ಲೇ ಬರೆಸಿದ್ದೇನೆ. ಕಳೆದ ಬಾರಿ ನಾನು ಹೋದಾಗ ಅಣ್ಣ ಮೇಲೆ ಬಕೆಟ್ ಹಿಡಿದು ನಿಂತಿದ್ದರು, ರಜೆಗೆ ಪುಣೆಯಿಂದ ಬಂದಿದ್ದ ತಮ್ಮನ ಮಗಳು ಬಿರುಕು ಹುಡುಕಿ ಹುಡುಕಿ ಕೂಗಿ ಹೇಳುತ್ತಿದ್ದಳು: "ದೊಡ್ಡಪ್ಪಾ, ಇಲ್ಲೊಂದು!"